ಏರ್ ಪಿಸ್ತೂಲಿಗೆ ಸ್ಕೋಪ್ ಕೂರಿಸಿದ್ದು

ಎರಡೂ ಕೈ ಚಾಚಿ ಪಿಸ್ತೂಲು ಹಿಡಿದೆ. ಮೇಲೆ ಕೂರಿಸಿದ್ದ ಸ್ಕೋಪಿನೊಳಗೆ, ಅಂದರೆ ಗುರಿ ಹಿಡಿಯುವ ಪುಟ್ಟ ದುರ್ಬೀನಿನೊಳಗೆ, ನೋಡಿದೆ. ಕಂಡದ್ದು ಒಂದು ಕಪ್ಪು ಬಿಲ್ಲೆ, ನಡುವೆ ಕಡಲೆಕಾಳಿನಷ್ಟು ಬೆಳಕು. ಅಷ್ಟೇ. 10 ಮೀಟರ್ ದೂರದಲ್ಲಿ ಅಂಟಿಸಿದ್ದ ಟಾರ್ಗೆಟ್ ಹಾಳೆ ಎಲ್ಲೂ ಇಲ್ಲ. ಪಿಸ್ತೂಲನ್ನು ಮೆಲ್ಲಗೆ ಮುಖದ ಹತ್ತಿರ ತಂದೆ. ಬೆಳಕು ಹಿಗ್ಗುತ್ತಾ ಬಂತು. ಕಣ್ಣಿಗೂ ಗಾಜಿಗೂ 3 ಇಂಚು ಉಳಿದಾಗ ಟಾರ್ಗೆಟ್ ಪೂರ್ತಿ ಕಂಡಿತು. ಆದರೆ ಪಿಸ್ತೂಲನ್ನು ಅಷ್ಟು ಹತ್ತಿರ ಹಿಡಿದು ಹೊಡೆಯುವ ಹಾಗಿಲ್ಲ. ಹೊಡೆದರೆ ಸ್ಕೋಪಿನ ಅಂಚು ಹುಬ್ಬಿಗೆ ಬಡಿಯಬಹುದು.

24 ವರ್ಷ ಸಂಡೂರಿನ ಗಣಿಗಳಲ್ಲಿ ಸರ್ವೇಯರ್ ಕೆಲಸ ಮಾಡಿದವನು ನಾನು. ಮೊದಲು ಥಿಯೋಡಲೈಟ್, ಆಮೇಲೆ ಟೋಟಲ್ ಸ್ಟೇಷನ್, ಎರಡೂ ಜಾಗ ಅಳೆಯುವ ದುರ್ಬೀನಿನ ಉಪಕರಣಗಳು. ದುರ್ಬೀನಿಗೆ ಕಣ್ಣಿಟ್ಟು ಅಡ್ಡಗೆರೆ, ಉದ್ದಗೆರೆ ನೋಡುವುದೇ ನನಗೆ ಅನ್ನ ಕೊಟ್ಟ ಕೆಲಸ. ಹಾಗಾಗಿ ಸ್ಕೋಪ್ ಕೂರಿಸುವುದು ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಯಸ್ಸಿನವರು ಯಾರಾದರೂ ಇದೇ ದಾರಿಯಲ್ಲಿ ಇರಬಹುದು, ಅವರಿಗೆ ಉಪಯೋಗವಾಗಲಿ.

ಸ್ಕೋಪ್ ಬೇಕಾದದ್ದು ಕಣ್ಣಿನಿಂದ. ನನಗೀಗ 49. ಚಾಳೀಸು ಬಂದು ಮೂರು ವರ್ಷವಾಯಿತು. ಪಿಸ್ತೂಲಿನಲ್ಲಿ ಗುರಿ ಹಿಡಿಯುವಾಗ ಮೂರು ವಸ್ತು ಒಂದೇ ಸಾಲಿಗೆ ಬರಬೇಕು: ಹಿಂದಿನ ಸೈಟು, ಮುಂದಿನ ಸೈಟು (ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಗುರುತುಗಳು), ಟಾರ್ಗೆಟ್. ಮೂರೂ ಬೇರೆ ಬೇರೆ ದೂರದಲ್ಲಿವೆ. ಹರೆಯದ ಕಣ್ಣು ಸರಸರ ಹೊಂದಿಸಿಕೊಂಡು ಮೂರನ್ನೂ ನೋಡಿಬಿಡುತ್ತದೆ. ನನ್ನ ಕಣ್ಣಿಗೆ ಅದು ಆಗುತ್ತಿರಲಿಲ್ಲ. ಓದುವ ಕನ್ನಡಕ ಹಾಕಿದರೆ ಮುಂದಿನ ಸೈಟು ಚೂಪಾಗಿ ಕಾಣುತ್ತದೆ, ಟಾರ್ಗೆಟ್ ಹತ್ತಿಯ ಉಂಡೆಯಂತೆ ಮಸುಕಾಗುತ್ತದೆ. ಕನ್ನಡಕ ತೆಗೆದರೆ ಟಾರ್ಗೆಟ್ ಸರಿ, ಸೈಟು ಎರಡೆರಡು. ಭಾನುವಾರ ಬೆಳಿಗ್ಗೆ ಗುರಿ ಹೊಡೆಯುವ ಒಂದು ತಾಸು ನನಗೆ ತುಂಬಾ ಇಷ್ಟದ ಹೊತ್ತು. ಅದು ಕೈ ಬಿಡುತ್ತದೇನೋ ಅಂತ ನಿಜವಾಗಿ ಹೆದರಿದ್ದೆ. ಸ್ಕೋಪಿನಲ್ಲಿ ಅಡ್ಡಗೆರೆಗಳೂ ಟಾರ್ಗೆಟ್ಟೂ ಒಂದೇ ದೂರದಲ್ಲಿ ಇದ್ದ ಹಾಗೆ ಕಾಣುತ್ತವೆ. ಕಣ್ಣು ಓಡಾಡಬೇಕಿಲ್ಲ. ಓದುವ ಕನ್ನಡಕವೂ ಬೇಡ.

ಒಂದು ಮಾತು ಮೊದಲೇ ಹೇಳಬೇಕು. ಪಿಸ್ತೂಲಿನ ಮೇಲೆ ಸ್ಕೋಪ್ ಅಂದರೆ ನೆನಪಾಗುವುದು ಅಮೆರಿಕದ ಬೇಟೆಗಾರರು. ಅಲ್ಲಿ .44 ಮ್ಯಾಗ್ನಮ್ ರಿವಾಲ್ವರಿನಿಂದ ಜಿಂಕೆ ಹೊಡೆಯುವವರಿದ್ದಾರೆ. 1967ರಲ್ಲಿ ಮಾರುಕಟ್ಟೆಗೆ ಬಂದ ಥಾಂಪ್ಸನ್ ಸೆಂಟರ್ ಕಂಟೆಂಡರ್ ಅನ್ನುವ ಒಂಟಿ ಗುಂಡಿನ ಪಿಸ್ತೂಲಿನ ಮೇಲೆ ಸ್ಕೋಪ್ ಇರುವುದೇ ರೂಢಿ. ಆ ಪಿಸ್ತೂಲುಗಳು ಕೊಡುವ ಒದೆತ ಎಷ್ಟು ಜೋರೆಂದರೆ, ಎರಡು ರಿಂಗ್ (ಸ್ಕೋಪನ್ನು ಸುತ್ತಿ ಹಿಡಿಯುವ ಬಳೆ) ಸಾಲದೆ ಮೂರು ರಿಂಗ್ ಹಾಕಿ ಸ್ಕೋಪ್ ಬಿಗಿಯುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಗೆ ಜಾಗವಿಲ್ಲ. ಇರಲೂಬಾರದು. ನನ್ನ ತಾತ ಸಂಡೂರು ಗುಡ್ಡದಲ್ಲಿ ಹಂದಿ ಬೇಟೆಗೆ ಹೋದ ಕತೆ ಹೇಳುತ್ತಿದ್ದರು. ಆ ಗುಡ್ಡದಲ್ಲಿ ನಾನು ಇಷ್ಟು ವರ್ಷ ಓಡಾಡಿದೆ. ತಾತ ಹೇಳಿದಷ್ಟು ಪ್ರಾಣಿ ನಾನು ಕಾಣಲಿಲ್ಲ. ದರೋಜಿಯ ಕರಡಿಗಳು ನಮ್ಮ ಮಗ್ಗುಲಲ್ಲೇ ಉಳಿದುಕೊಂಡಿವೆಯಲ್ಲ, ಅದು ನಮ್ಮ ಪುಣ್ಯ. ನಾನು ಹೊಡೆಯುವುದು ಕಾಗದಕ್ಕೆ ಮಾತ್ರ. ಏರ್‌ಗನ್ ಇದೆ ಅಂತ ಬೆಳವಕ್ಕಿಗೋ ನವಿಲಿಗೋ ಗುರಿ ಇಡುವವರು ನನಗೆ ಆಗುವುದಿಲ್ಲ.

ನನ್ನದು ಸ್ಪ್ರಿಂಗ್ ಪಿಸ್ತೂಲು. ನಳಿಗೆ ಕೆಳಕ್ಕೆ ಮಡಚಿ, ಪೆಲೆಟ್ (ಸೀಸದ ಪುಟ್ಟ ಗುಂಡು) ಇಟ್ಟು, ಮತ್ತೆ ಮೇಲೆತ್ತಿ ಮುಚ್ಚುವ ತರಹದ್ದು. 4.5 ಮಿ.ಮೀ. ಬೋರು, ಅಂದರೆ ನಳಿಗೆಯ ಒಳ ಅಗಲ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ, ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ನನ್ನ ಪೆಲೆಟ್ 0.51 ಗ್ರಾಂ ತೂಗುತ್ತದೆ, ಪಿಸ್ತೂಲಿನ ಡಬ್ಬಿಯ ಮೇಲೆ ಸೆಕೆಂಡಿಗೆ 125 ಮೀಟರ್ ವೇಗ ಅಂತ ಇದೆ. ಲೆಕ್ಕ ಹಾಕಿದರೆ 4 ಜೂಲ್. ಮಿತಿಯ ಐದನೇ ಒಂದು ಪಾಲು. ಹಾಗಂತ ಆಟಿಕೆ ಅಲ್ಲ. 4 ಜೂಲ್ ಒಂದು ಕಣ್ಣು ಕಳೆಯಲು ಸಾಕು. ನೋಡಿದವರಿಗೆ ಅದು ನಿಜವಾದ ಪಿಸ್ತೂಲಿನಂತೆಯೇ ಕಾಣುತ್ತದೆ, ಹಾಗಾಗಿ ಮನೆಯಿಂದ ಹೊರಗೆ ತೆಗೆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲೇ.

ಜಾಗ ಸಿಕ್ಕಿದ್ದು ಭಾವನಿಂದ. ಅಕ್ಕನ ಗಂಡ. ಬಳ್ಳಾರಿಯಲ್ಲಿ ಮನೆಮನೆಗೊಂದು ಹೊಲಿಗೆ ಮಷೀನು ಇದೆಯಲ್ಲ, ಹಾಗೆ ಅವರದ್ದೂ ಒಂದು ಜೀನ್ಸ್ ಯೂನಿಟ್. ಅಲ್ಲಿನ ಕಟಿಂಗ್ ಹಾಲ್ 14 ಮೀಟರ್ ಉದ್ದ. ಭಾನುವಾರ ರಜೆ.

"ಹಾಲ್ ಕೊಡ್ತೀನಪ್ಪ, ಆದ್ರ ಗೋಡೆಗೆ ಒಂದು ತೂತು ಬೀಳಂಗಿಲ್ಲ ನೋಡು" ಅಂದರು.

ಗುಂಡು ತಡೆಯಲು ಒಂದು ಮರದ ಪೆಟ್ಟಿಗೆ ಮಾಡಿದೆ. ಹಿಂದೆ ಕಬ್ಬಿಣದ ತಗಡು, ಅದರ ಮುಂದೆ ಒಂದು ಅಡಿ ದಪ್ಪಕ್ಕೆ ಒತ್ತಿ ತುಂಬಿದ ಜೀನ್ಸ್ ಚಿಂದಿ. ಅಲ್ಲಿ ಚಿಂದಿಗೆ ಬರವೇ ಇಲ್ಲ. ತಗಡನ್ನು ಬರೀ ಇಟ್ಟರೆ ಪೆಲೆಟ್ ಚಿಮ್ಮಿ ವಾಪಸ್ ಬರುತ್ತದೆ, ಚಿಂದಿ ಅದನ್ನು ನುಂಗಿಕೊಳ್ಳುತ್ತದೆ. ಇಷ್ಟು ದಿನದಲ್ಲಿ ಒಂದೂ ತಗಡು ಮುಟ್ಟಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ. ಕಣ್ಣಿಗೆ ಯಾವಾಗಲೂ ಪ್ಲಾಸ್ಟಿಕ್ ಕನ್ನಡಕ. ಪೆಲೆಟ್ ಸೀಸದ್ದು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಹಾ ಲೋಟ ಮುಟ್ಟುವುದಿಲ್ಲ.

ಇನ್ನು ಆ ಕಪ್ಪು ಬಿಲ್ಲೆಯ ವಿಷಯ. ನಾನು ತರಿಸಿದ್ದು ರೈಫಲ್ ಸ್ಕೋಪ್. ಅಂಗಡಿಯವನು "ಎಲ್ಲಾದಕ್ಕೂ ಆಗುತ್ತೆ" ಅಂದಿದ್ದ. ಆಗುವುದಿಲ್ಲ. ಪ್ರತಿ ಸ್ಕೋಪಿಗೂ ಕಣ್ಣು ಎಷ್ಟು ದೂರ ಇರಬೇಕು ಅನ್ನುವ ಅಳತೆ ಇದೆ. ರೈಫಲ್ ಸ್ಕೋಪಿಗೆ ಅದು 3ರಿಂದ 4 ಇಂಚು, ಯಾಕೆಂದರೆ ರೈಫಲ್ ಹಿಡಿದಾಗ ಕೆನ್ನೆ ಅದರ ಮರದ ಹಿಡಿಗೆ ಒರಗಿರುತ್ತದೆ. ಪಿಸ್ತೂಲು ಹಿಡಿಯುವುದು ತೋಳಿನ ಉದ್ದಕ್ಕೆ. ಪಿಸ್ತೂಲ್ ಸ್ಕೋಪನ್ನು 12ರಿಂದ 24 ಇಂಚು ದೂರದಿಂದ ನೋಡಲೆಂದೇ ಮಾಡಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ತರಹದ ಕೊಳವೆ. ಒಳಗಿನ ಗಾಜಿನ ಲೆಕ್ಕ ಬೇರೆ. ಅದನ್ನು ವಾಪಸ್ ಕಳಿಸಿ, ಪಿಸ್ತೂಲಿನದ್ದೇ ಬೇಕು ಅಂತ ಹುಡುಕಿ ತರಿಸುವಷ್ಟರಲ್ಲಿ ಐದು ವಾರ ಹೋಯಿತು. ಬಂದದ್ದು 2x20. ಎರಡು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜು 20 ಮಿ.ಮೀ.

ಎರಡೇ ಪಟ್ಟು ಅಂದರೆ ಕಮ್ಮಿ ಅಲ್ವಾ ಅಂತ ಭಾವ ಕೇಳಿದರು. ಕಮ್ಮಿ ಅಲ್ಲ. ಕಣ್ಣು ದೂರ ಇದ್ದಷ್ಟೂ ಸ್ಕೋಪಿನಲ್ಲಿ ಕಾಣುವ ಜಾಗ ಕಿರಿದು. ಅದರ ಮೇಲೆ ದೊಡ್ಡದು ಮಾಡುತ್ತಾ ಹೋದರೆ ಕಾಣುವ ಕಿಂಡಿ ಇನ್ನೂ ಸಣ್ಣದಾಗಿ, ಟಾರ್ಗೆಟ್ ಹುಡುಕುವುದೇ ಒಂದು ಕೆಲಸವಾಗುತ್ತದೆ. 20ನ್ನು 2ರಿಂದ ಭಾಗಿಸಿದರೆ 10. ಅಂದರೆ ಕಣ್ಣಿನ ಕಡೆಗೆ ಬರುವ ಬೆಳಕಿನ ಬಿಲ್ಲೆ 10 ಮಿ.ಮೀ. ಅಗಲ. ಕಣ್ಣು ಚೂರು ಆಚೀಚೆ ಆದರೂ ಚಿತ್ರ ತಪ್ಪುವುದಿಲ್ಲ. ಇದೇ 20 ಮಿ.ಮೀ. ಗಾಜಿನಲ್ಲಿ 4 ಪಟ್ಟು ಅಂದಿದ್ದರೆ ಬಿಲ್ಲೆ 5 ಮಿ.ಮೀ.ಗೆ ಇಳಿಯುತ್ತಿತ್ತು.

ಸ್ಕೋಪ್ ಬಂತು, ಅದರ ಜತೆ ಬಂದ ರಿಂಗು ಹೊಂದಲಿಲ್ಲ. ಡಬ್ಬಿಯಲ್ಲಿದ್ದದ್ದು ಸುಮಾರು 21 ಮಿ.ಮೀ. ಅಗಲದ ಪಟ್ಟಿಗೆ ಕಚ್ಚುವ ರಿಂಗು. ನನ್ನ ಪಿಸ್ತೂಲಿನ ಬೆನ್ನ ಮೇಲೆ ಇರುವುದು 11 ಮಿ.ಮೀ. ಡವ್‌ಟೇಲ್ ತೋಡು, ಅಂದರೆ ಅಂಚು ಓರೆಯಾಗಿ ಕೊರೆದ ಕಾಲುವೆ. ಏರ್‌ಗನ್ನುಗಳಲ್ಲಿ ಸಾಮಾನ್ಯವಾಗಿ ಇದೇ ಇರುವುದು. ಮತ್ತೆ ಕಾಯುವಿಕೆ. ಕೊಳ್ಳುವ ಮೊದಲು ಸ್ಕೇಲ್ ಇಟ್ಟು ಪಟ್ಟಿಯ ಅಗಲ ಅಳೆಯಿರಿ, ಸ್ಕೋಪ್ ಕೊಳವೆಯ ದಪ್ಪವನ್ನೂ ನೋಡಿ. ನನ್ನದು ಒಂದು ಇಂಚು, 25.4 ಮಿ.ಮೀ. ಇವೆರಡೂ ಗೊತ್ತಿದ್ದರೆ ನನ್ನ ಹಾಗೆ ಕಾಯುವುದು ತಪ್ಪುತ್ತದೆ.

ಕೂರಿಸಿದ ದಿನ ನನಗೆ ಹಬ್ಬ. ಖಾಲಿ ಇದೆ ಅಂತ ಎರಡು ಸಲ ನೋಡಿ, ಪಿಸ್ತೂಲನ್ನು ಜೀನ್ಸ್ ಬಟ್ಟೆ ಸುತ್ತಿ ವೈಸ್‌ಗೆ ಕಚ್ಚಿಸಿದೆ. ಡವ್‌ಟೇಲಿನ ತೋಡಿನಲ್ಲಿ ಹಳೇ ಎಣ್ಣೆ ಇತ್ತು. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಎಣ್ಣೆ ಉಳಿದರೆ ಎಷ್ಟು ಬಿಗಿದರೂ ಜಾರುತ್ತದೆ. ಕೆಳಗಿನ ರಿಂಗುಗಳನ್ನು ಕೂರಿಸಿ, ಸ್ಕೋಪನ್ನು ಅದರ ಮೇಲೆ ಸುಮ್ನೆ ಇಟ್ಟು, ಮೇಲಿನ ಅರ್ಧವನ್ನು ಸಡಿಲವಾಗಿ ಮುಚ್ಚಿದೆ. ಮಡಚುವ ನಳಿಗೆಯ ಪಿಸ್ತೂಲಿನಲ್ಲಿ ಒಂದು ತೊಡಕಿದೆ. ಸ್ಕೋಪ್ ಜಾಸ್ತಿ ಮುಂದೆ ಚಾಚಿದರೆ ಪೆಲೆಟ್ ಇಡುವ ಜಾಗದ ಮೇಲೆ ಬಂದು ಬೆರಳಿಗೆ ಅಡ್ಡವಾಗುತ್ತದೆ. ಹಿಂದೆ ತಂದರೆ ಕಣ್ಣಿನ ದೂರ ಕಮ್ಮಿಯಾಗುತ್ತದೆ. ಆಮೇಲೆ ವೈಸ್‌ನಿಂದ ಬಿಡಿಸಿ, ಕಣ್ಣು ಮುಚ್ಚಿ, ಆರಾಮಾಗಿ ಪಿಸ್ತೂಲು ಹಿಡಿದು ನಿಂತೆ. ಕಣ್ಣು ತೆರೆದಾಗ ಚಿತ್ರ ಅಂಚಿನವರೆಗೂ ತುಂಬಿರಬೇಕು, ಸುತ್ತ ಕಪ್ಪು ಇರಬಾರದು. ಅಕ್ಕನ ಮಗ ಟೇಪ್ ಹಿಡಿದು ಅಳೆದ. "ಮಾಮಾ, 46 ಸೆಂಟಿಮೀಟರ್" ಅಂದ. ಅಂದರೆ 18 ಇಂಚು. ಸರಿಯಾಗಿ ನಡುವೆ.

ಆಮೇಲೆ ಅಡ್ಡಗೆರೆ ಉದ್ದಗೆರೆ ನೆಟ್ಟಗೆ ಮಾಡುವುದು. ಇದು ನನ್ನ ಸ್ವಂತ ವಿದ್ಯೆ. ಪಿಸ್ತೂಲನ್ನು ಮತ್ತೆ ವೈಸ್‌ಗೆ ಕಚ್ಚಿಸಿ, ಬೆನ್ನ ಮೇಲೆ ರಸಮಟ್ಟ ಇಟ್ಟು ಸರಿಮಾಡಿದೆ. 10 ಮೀಟರ್ ಆಚೆ ತೂಗುಗುಂಡಿನ ದಾರ ಇಳಿಬಿಟ್ಟೆ. ಫ್ಯಾನ್ ಆಫ್. ಗುಂಡು ತೂಗಾಡುವುದು ನಿಂತ ಮೇಲೆ ಸ್ಕೋಪನ್ನು ರಿಂಗಿನೊಳಗೆ ತಿರುಗಿಸುತ್ತಾ ಉದ್ದಗೆರೆಯನ್ನು ದಾರದ ಮೇಲೆ ಕೂರಿಸಿದೆ. ಕಣ್ಣಂದಾಜಿನಲ್ಲಿ ಮಾಡಿದರೆ ಆಗಲ್ವಾ ಅಂತ ಅನಿಸಬಹುದು. ಉದ್ದಗೆರೆ ಓರೆಯಾಗಿದ್ದರೆ ಸ್ಕೋಪಿನ ಮೇಲಿನ ಡಯಲ್ (ಗುರಿ ಏರಿಸಿ ಇಳಿಸುವ ತಿರುಗುಗುಂಡಿ) ತಿರುಗಿಸಿದಾಗ ಗುಂಡು ಮೇಲೆ ಹೋಗುವುದರ ಜತೆಗೆ ಪಕ್ಕಕ್ಕೂ ಹೋಗುತ್ತದೆ. ಒಂದು ದೂರಕ್ಕೆ ಸರಿಮಾಡಿದ್ದು ಇನ್ನೊಂದು ದೂರಕ್ಕೆ ತಪ್ಪುತ್ತದೆ. ಆಮೇಲೆ ಬಿಳಿ ಗೋಡೆ ನೋಡುತ್ತಾ ಕಣ್ಣಿನ ಕಡೆಯ ಗಾಜನ್ನು ತಿರುಗಿಸಿ ಗೆರೆಗಳು ಕಪ್ಪಗೆ, ಚೂಪಾಗಿ ಕಾಣುವಂತೆ ಮಾಡಿಕೊಂಡೆ. ಥಿಯೋಡಲೈಟಿನಲ್ಲೂ ಮೊದಲು ಮಾಡುವುದು ಇದನ್ನೇ.

ಬಿಗಿಯುವಾಗ ಆತುರ ಬೇಡ. ರಿಂಗಿನ ಎರಡೂ ಪಕ್ಕದ ಸಂದು ಸಮ ಇರಬೇಕು. ಈ ಮೂಲೆಯ ಸ್ಕ್ರೂ ಕಾಲು ಸುತ್ತು, ಎದುರು ಮೂಲೆಯದು ಕಾಲು ಸುತ್ತು, ಹೀಗೆ. ಅಲೆನ್ ಕೀಯ ಗಿಡ್ಡ ಕಡೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಾಕು. ಉದ್ದ ಕಡೆ ಹಿಡಿದು ಬಲ ಹಾಕಿದರೆ ಕೊಳವೆ ತಗ್ಗುತ್ತದೆ. ಕೊಳವೆ ಬರೀ ತೆಳು ಅಲ್ಯೂಮಿನಿಯಂ.

ಕಟಿಂಗ್ ಟೇಬಲ್ ಮೇಲೆ ಜೀನ್ಸ್ ಬಟ್ಟೆಯಲ್ಲಿ ಹೊಲಿದ ಮರಳಿನ ಚೀಲ ಇಟ್ಟು ಕೂತೆ. ಚೀಲ ಹೊಲಿದುಕೊಟ್ಟದ್ದು ಅಕ್ಕ. ಮೊದಲ ಐದು ಗುಂಡು ಹಾಳೆಗೇ ಬೀಳಲಿಲ್ಲ. ಟಾರ್ಗೆಟ್ಟಿನ ಹೊರ ಸುತ್ತು 155.5 ಮಿ.ಮೀ. ಅಗಲ, ನಾನು ನಡುವಿಗೆ ಗುರಿ ಇಟ್ಟಿದ್ದೆ. ಹಾಗಾದರೆ ಎಲ್ಲಿಗೆ ಹೋದವು? ಜೀನ್ಸ್ ಪ್ಯಾಟರ್ನ್ ತೆಗೆಯುವ ದೊಡ್ಡ ಕಂದು ಕಾಗದ ತಂದು ಹಿಂದೆ ಅಂಟಿಸಿದೆ. ಮುಂದಿನ ಐದು ತೂತು ಕಂಡವು. ಗುರಿಗಿಂತ 10 ಸೆಂ.ಮೀ. ಕೆಳಗೆ.

ಲೆಕ್ಕ ಮಾಡುತ್ತಾ ಕೂತೆ. ಸ್ಕೋಪಿನ ನಡುಭಾಗ ನಳಿಗೆಗಿಂತ 4 ಸೆಂ.ಮೀ. ಮೇಲಿದೆ. ಅಲ್ಲಿಗೆ 4. ಪೆಲೆಟ್ 10 ಮೀಟರ್ ಹೋಗಲು 0.08 ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಭೂಮಿ ಅದನ್ನು 3 ಸೆಂ.ಮೀ. ಕೆಳಗೆ ಎಳೆಯುತ್ತದೆ. ಅಲ್ಲಿಗೆ 7. ಇನ್ನುಳಿದ 3 ಎಲ್ಲಿಂದ ಬಂತು? ನಳಿಗೆಯಿಂದ. ಮಡಚುವ ನಳಿಗೆ ಮುಚ್ಚಿದಾಗ ಹಿಂದಿನ ಭಾಗದ ಜತೆ ಪೂರ್ತಿ ಒಂದೇ ಗೆರೆಯಲ್ಲಿ ಇರುವುದಿಲ್ಲ, ತುದಿ ಚೂರು ಕೆಳಗೆ ಬಾಗಿರುತ್ತದೆ. ಹಳೇ ಸೈಟಿನಲ್ಲಿ ಇದು ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಮುಂದಿನ ಸೈಟು ನಳಿಗೆಯ ಮೇಲೇ ಇತ್ತು, ಅದರ ಜತೆಗೇ ಬಾಗುತ್ತಿತ್ತು. ಸ್ಕೋಪ್ ಇರುವುದು ಹಿಂದಿನ ಭಾಗದ ಮೇಲೆ. ಅದಕ್ಕೆ ನಳಿಗೆಯ ಸುದ್ದಿ ಗೊತ್ತಿಲ್ಲ.

ಡಯಲಿನ ಒಂದು ಕ್ಲಿಕ್ ಕಾಲು ಮಿನಿಟ್ ಆಫ್ ಆಂಗಲ್ (ಒಂದು ಮಿನಿಟ್ ಅಂದರೆ ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಪಾಲು). 100 ಮೀಟರಿನಲ್ಲಿ ಅದು 7.3 ಮಿ.ಮೀ. 10 ಮೀಟರಿಗೆ ಅದರ ಹತ್ತನೇ ಒಂದು ಪಾಲು, 0.73 ಮಿ.ಮೀ. ಬಹಳ ಜನ ಇಲ್ಲೇ ಎಡವುತ್ತಾರೆ. ನಾಲ್ಕು ಕ್ಲಿಕ್ ತಿರುಗಿಸಿ, ಗುಂಡು ಕದಲಲೇ ಇಲ್ಲ, ಸ್ಕೋಪ್ ಕೆಟ್ಟಿದೆ ಅನ್ನುತ್ತಾರೆ. ನಾಲ್ಕು ಕ್ಲಿಕ್ಕಿಗೆ 3 ಮಿ.ಮೀ. ಕೂಡ ಇಲ್ಲ, ಪೆಲೆಟ್ ತೂತೇ ಅದಕ್ಕಿಂತ ದೊಡ್ಡದು. ನನಗೆ 10 ಸೆಂ.ಮೀ. ಬೇಕಿತ್ತು, ಅಂದರೆ 137 ಕ್ಲಿಕ್. ಎಣಿಸುತ್ತಾ ತಿರುಗಿಸಿದೆ. ನೂರರ ಹತ್ತಿರ ಡಯಲ್ ನಿಂತುಬಿಟ್ಟಿತು.

ಅದಕ್ಕೆ ಹಳೇ ಉಪಾಯ ಒಂದಿದೆ. ಹಿಂದಿನ ರಿಂಗಿನ ಕೆಳಗಿನ ಅರ್ಧದಲ್ಲಿ, ಕೊಳವೆಯ ಅಡಿಗೆ, ತೆಳು ತಗಡಿನ ಚೂರು ಇಡುವುದು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಪಕ್ಕದ ತಗಡು ಸುಮಾರು 0.1 ಮಿ.ಮೀ. ದಪ್ಪ. ನನ್ನ ಎರಡು ರಿಂಗುಗಳ ನಡುವೆ 70 ಮಿ.ಮೀ. ಅಂತರ. 0.1ನ್ನು 70ರಿಂದ ಭಾಗಿಸಿ 10 ಮೀಟರಿಗೆ ಹಿಗ್ಗಿಸಿದರೆ 14 ಮಿ.ಮೀ. ಬರುತ್ತದೆ. ಮೂರು ಚೂರು ಇಟ್ಟೆ. 43 ಮಿ.ಮೀ. ಹಾಗೇ ದಕ್ಕಿತು. ಉಳಿದದ್ದಕ್ಕೆ 80 ಕ್ಲಿಕ್ ಸಾಕಾಯಿತು, ಡಯಲ್ ಕೊನೆಗೆ ತಾಗಲಿಲ್ಲ. ಕೊನೆಗೆ ತಾಗಿಸಿ ಇಡುವುದು ಒಳ್ಳೆಯದಲ್ಲ. ಒಳಗಿನ ಸ್ಪ್ರಿಂಗ್ ಸಡಿಲವಾಗಿ ಗುರಿ ನಿಲ್ಲುವುದಿಲ್ಲ. ಮೂರಕ್ಕಿಂತ ಜಾಸ್ತಿ ಚೂರು ನಾನು ಇಡುವುದಿಲ್ಲ, ಕೊಳವೆ ಬಗ್ಗುತ್ತದೆ.

ಆ ಬೆಳಿಗ್ಗೆ ಹತ್ತು ಗುಂಡು ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಮೂರು ವರ್ಷದಲ್ಲಿ ಅಂಥ ಹಾಳೆ ನೋಡಿರಲಿಲ್ಲ. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಮೋತಿ ಸರ್ಕಲ್ ಹತ್ತಿರ ಒಗ್ಗರಣೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಮತ್ತೆ ಬಿಚ್ಚಿ ನೋಡಿದೆ.

ಮುಂದಿನ ಭಾನುವಾರ ಎಲ್ಲ ಕೆಟ್ಟಿತು. ಗುಂಡು ಒಂದು ಮೇಲೆ, ಒಂದು ಬಲಕ್ಕೆ. ಉಸಿರಾಟ ತಪ್ಪಾಯಿತೇನೋ, ಟ್ರಿಗರ್ ಜೋರಾಗಿ ಎಳೆದೆನೇನೋ ಅಂತ ಒಂದು ತಾಸು ನನ್ನನ್ನೇ ಬೈದುಕೊಂಡೆ. ಆಮೇಲೆ ಗಮನಿಸಿದರೆ ಸ್ಕೋಪ್ ಮೌಂಟ್, ಅಂದರೆ ರಿಂಗುಗಳು ಕೂತಿರುವ ಹಿಡಿಕೆ, 3 ಮಿ.ಮೀ. ಹಿಂದೆ ಸರಿದಿತ್ತು. ಡವ್‌ಟೇಲಿನಲ್ಲಿ ಹೊಸ ಗೀರು ಹೊಳೆಯುತ್ತಿತ್ತು.

ಸ್ಪ್ರಿಂಗ್ ಪಿಸ್ತೂಲಿನ ಗುಣವೇ ಹಾಗೆ. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಪಿಸ್ತೂಲು ಹಿಂದಕ್ಕೆ ಸರಿಯುತ್ತದೆ. ಮರುಕ್ಷಣ ಪಿಸ್ಟನ್ ಮುಂದಿನ ಗೋಡೆಗೆ ಬಂದು ನಿಲ್ಲುತ್ತದೆ, ಆಗ ಪಿಸ್ತೂಲು ಮುಂದಕ್ಕೆ ಹಾರುತ್ತದೆ. ಒಂದೇ ಹೊಡೆತದಲ್ಲಿ ಎರಡು ದಿಕ್ಕಿನ ಒದೆತ. ಎರಡನೆಯದು ಜೋರು. ಪಿಸ್ತೂಲು ಮುಂದೆ ಹೋದಾಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ, ಹಾಗಾಗಿ ಮೌಂಟ್ ಹಿಂದೆ ಜಾರುತ್ತದೆ. ದೊಡ್ಡ ಬೇಟೆ ರಿವಾಲ್ವರಿನ ಒದೆತ ತಾಳುವ ಸ್ಕೋಪ್ ಕೂಡ ಸ್ಪ್ರಿಂಗ್ ಏರ್‌ಗನ್ನಿನ ಮೇಲೆ ಕೆಟ್ಟುಹೋಗಬಹುದು, ಯಾಕೆಂದರೆ ಅದರ ಗಾಜುಗಳನ್ನು ಒಂದೇ ದಿಕ್ಕಿನ ಹೊಡೆತಕ್ಕೆ ತಯಾರು ಮಾಡಿರುತ್ತಾರೆ. ಕೊಳ್ಳುವಾಗ ಸ್ಪ್ರಿಂಗ್ ಏರ್‌ಗನ್ನಿಗೆ ಆಗುತ್ತದೆ ಅಂತ ಬರೆದಿರುವುದನ್ನೇ ಕೊಳ್ಳಬೇಕು.

ಕೆಲವು ಏರ್‌ಗನ್ನಿನ ಬೆನ್ನ ಮೇಲೆ ಸಣ್ಣ ಕುಳಿ ಇರುತ್ತದೆ. ಮೌಂಟಿನ ಮೊಳೆಯನ್ನು ಅದರೊಳಗೆ ಇಳಿಸಿದರೆ ಜಾರುವುದಿಲ್ಲ. ನನ್ನದರಲ್ಲಿ ಇರಲಿಲ್ಲ. ಪಿಸ್ತೂಲಿಗೆ ತೂತು ಕೊರೆಯಲು ಮನಸ್ಸಾಗಲಿಲ್ಲ. ಮೌಂಟಿನ ಹಿಂದೆ ಡವ್‌ಟೇಲಿಗೆ ಗಟ್ಟಿಯಾಗಿ ಕಚ್ಚುವ ಒಂದು ಅಡೆ ಬೇಕಿತ್ತು. ಕೌಲ್ ಬಜಾರಿನಲ್ಲಿ ಲೇತ್ ಇಟ್ಟಿರುವ ಚಾಚಾ ಹತ್ತಿರ ಹೋದೆ. ಪಿಸ್ತೂಲನ್ನು ಬಜಾರಿಗೆ ಒಯ್ಯುವುದು ಸರಿಯಲ್ಲ. ಡವ್‌ಟೇಲಿನ ಅಚ್ಚನ್ನು ರಟ್ಟಿನಲ್ಲಿ ಕತ್ತರಿಸಿ, ಮೌಂಟನ್ನೂ ಒಯ್ದೆ.

ಚಾಚಾ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಯಾತಕ್ಕೆ ಸಾರ್?"

ಹೇಳಿದೆ.

"ಯಾವ ಜಾನ್ವಾರ್ ಹೊಡೀತೀರಿ ಅದರಾಗ?"

"ಕಾಗದ ಚಾಚಾ. ಬರೀ ಕಾಗದ."

"ಹಂಗಾದ್ರೆ ಮಾಡಿಕೊಡ್ತೀನಿ. ಸಂಜೆ ಬರ್ರಿ."

12 ಮಿ.ಮೀ. ಉದ್ದದ ಉಕ್ಕಿನ ತುಂಡು, ಕೆಳಗೆ 11 ಮಿ.ಮೀ. ತೋಡು, ಪಕ್ಕದಲ್ಲಿ ಎರಡು ಸ್ಕ್ರೂ. ಅಂಚುಗಳನ್ನೆಲ್ಲ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು, ಕೈ ಕೊಯ್ಯಬಾರದು ಅಂತ. ನಾನು ಅದನ್ನು ಹೇಳಿರಲಿಲ್ಲ. ಮೌಂಟಿನ ಬೆನ್ನಿಗೆ ತಾಗಿಸಿ ಅದನ್ನು ಬಿಗಿದೆ. ಸ್ಕ್ರೂಗಳಿಗೆ ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ. ಕೆಂಪು ಬೇಡ, ಅದು ಹಿಡಿದರೆ ಕಾಯಿಸದೆ ಬಿಡುವುದಿಲ್ಲ. ಕೊನೆಗೆ ಹೆಂಡತಿಯ ನೇಲ್ ಪಾಲಿಶ್ ತಂದು ಮೌಂಟಿನಿಂದ ಪಿಸ್ತೂಲಿನ ಮೈಮೇಲೆ ಒಂದು ತೆಳು ಗೆರೆ ಎಳೆದೆ. ಮೌಂಟ್ ಜಾರಿದರೆ ಗೆರೆ ಮುರಿಯುತ್ತದೆ. ಇನ್ನು ಮುಂದೆ ಗುಂಡು ಚದುರಿದರೆ ತಪ್ಪು ನನ್ನದೋ ಮೌಂಟಿನದೋ ಅಂತ ತಾಸುಗಟ್ಟಲೆ ಯೋಚಿಸಬೇಕಿಲ್ಲ.

ಪ್ಯಾರಲಾಕ್ಸ್ ಬಗ್ಗೆ, ಅಂದರೆ ಕಣ್ಣು ಸರಿದಾಗ ಗುರಿ ಸರಿದಂತೆ ಕಾಣುವುದರ ಬಗ್ಗೆ, ನಾಲ್ಕು ಮಾತು. ಸ್ಕೋಪನ್ನು ಯಾವುದೋ ಒಂದು ದೂರಕ್ಕೆ ಹೊಂದಿಸಿ ಕಳಿಸಿರುತ್ತಾರೆ. ನನ್ನದು 50 ಗಜಕ್ಕೆ, ಅಂದರೆ ಸುಮಾರು 45 ಮೀಟರ್. ನಾನು ಹೊಡೆಯುವುದು 10ಕ್ಕೆ. ಪಿಸ್ತೂಲನ್ನು ಚೀಲದ ಮೇಲೆ ಕದಲದಂತೆ ಇಟ್ಟು ತಲೆಯನ್ನು ಎಡಬಲಕ್ಕೆ ಆಡಿಸಿದರೆ ಗೆರೆ ಟಾರ್ಗೆಟ್ಟಿನ ಮೇಲೆ ಈಜಾಡುತ್ತದೆ. ಕಣ್ಣು ಗಾಜಿನ ತೀರಾ ಅಂಚಿಗೆ ಹೋದರೆ ತಪ್ಪು 8 ಮಿ.ಮೀ.ವರೆಗೂ ಬರಬಹುದು. 10 ಮೀಟರ್ ಪಿಸ್ತೂಲ್ ಟಾರ್ಗೆಟ್ಟಿನಲ್ಲಿ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಇರುವುದೇ 8 ಮಿ.ಮೀ. ಒಂದು ಅಂಕ ಸುಮ್ನೆ ಹೋಗುತ್ತದೆ. ಥಿಯೋಡಲೈಟಿನಲ್ಲಾದರೆ ಫೋಕಸ್ ತಿರುಗಿಸಿ ಇದನ್ನು ಕೊಲ್ಲುತ್ತೇವೆ. ಈ ಸ್ಕೋಪಿನಲ್ಲಿ ಆ ಗುಂಡಿ ಇಲ್ಲ. ಇರುವ ದಾರಿ ಒಂದೇ: ಬೆಳಕಿನ ಬಿಲ್ಲೆಯ ಯಾವ ಪಕ್ಕದಲ್ಲೂ ಕಪ್ಪು ನೆರಳು ಇಣುಕದಂತೆ ಕಣ್ಣನ್ನು ನಡುವೆ ಇಟ್ಟುಕೊಳ್ಳುವುದು. ಇದು ಅಭ್ಯಾಸದಿಂದ ಬರುತ್ತದೆ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ನಿಂತು ಹೊಡೆಯುವುದು. ಚೀಲದ ಮೇಲೆ ಕೈ ಇಟ್ಟು ಹೊಡೆದಾಗ ನಾಣ್ಯದಷ್ಟು ಜಾಗ. ನಿಂತು ಎರಡು ಕೈಯಲ್ಲಿ ಹಿಡಿದಾಗ ಅಂಗೈಯಷ್ಟು. ಸ್ಕೋಪಿನಲ್ಲಿ ಗೆರೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಎದೆ ಬಡಿತ ಕೂಡ ಕಾಣುತ್ತದೆ. ಮೊದಲು ಸ್ಕೋಪಿನಿಂದ ಕೈ ನಡುಗುತ್ತಿದೆ ಅಂದುಕೊಂಡೆ. 250 ಗ್ರಾಂ ಭಾರ ಮೇಲೆ ಬಂದಿದೆಯಲ್ಲ. ಸ್ಕೋಪ್ ಬಿಚ್ಚಿ ಹಳೇ ಸೈಟಿನಲ್ಲಿ ಹೊಡೆದೆ. ಅಂಗೈಯಷ್ಟೇ ಇತ್ತು. ಕೈ ಮೊದಲಿನಿಂದಲೂ ಅಷ್ಟೇ ಅಲುಗಾಡುತ್ತಿತ್ತು, ಹಳೇ ಸೈಟಿನಲ್ಲಿ ನನಗೆ ಕಾಣುತ್ತಿರಲಿಲ್ಲ. ಥಿಯೋಡಲೈಟಿಗೆ ಮೂರು ಕಾಲಿನ ಸ್ಟ್ಯಾಂಡ್ ಇರುತ್ತದೆ. ಪಿಸ್ತೂಲಿಗೆ ಸ್ಟ್ಯಾಂಡ್ ನಾನೇ. 24 ವರ್ಷದ ಅನುಭವದಲ್ಲಿ ಈ ಪಾಠ ಒಂದು ಇರಲೇ ಇಲ್ಲ.

ಈಗ ಮಾಡುವುದು ಇಷ್ಟು. ಗೆರೆ ನಿಲ್ಲಲಿ ಅಂತ ಕಾಯುವುದಿಲ್ಲ. ನಡುವಿಗೆ ಬಂದ ತಕ್ಷಣ ಟ್ರಿಗರ್ ಜಗ್ಗುವುದನ್ನೂ ಬಿಟ್ಟೆ, ಹಾಗೆ ಜಗ್ಗಿದ ಗುಂಡು ಯಾವಾಗಲೂ ಕೆಳಗೆ ಎಡಕ್ಕೆ ಹೋಗುತ್ತದೆ. ಗೆರೆ ಕಪ್ಪು ವೃತ್ತದೊಳಗೆ ತನ್ನ ಪಾಡಿಗೆ ಸುತ್ತಾಡಲಿ ಅಂತ ಬಿಟ್ಟು, ಟ್ರಿಗರನ್ನು ಮೆಲ್ಲಗೆ ಒತ್ತುತ್ತಾ ಹೋಗುತ್ತೇನೆ. ಅರ್ಧ ಉಸಿರು ಬಿಟ್ಟು ತಡೆದು, ಏಳೆಂಟು ಸೆಕೆಂಡಿನಲ್ಲಿ ಆಗದಿದ್ದರೆ ಪಿಸ್ತೂಲು ಕೆಳಗಿಳಿಸುತ್ತೇನೆ. ಹಿಡಿತ ಸಡಿಲವಾಗಿರಬೇಕು. ಸ್ಪ್ರಿಂಗ್ ಪಿಸ್ತೂಲನ್ನು ಬಿಗಿಯಾಗಿ ಹಿಡಿದರೆ ಅದರ ಎರಡು ಒದೆತಕ್ಕೆ ಪ್ರತಿ ಸಲ ಬೇರೆ ಬೇರೆ ತಡೆ ಸಿಕ್ಕಿ ಗುಂಡು ಚದುರುತ್ತದೆ. ಹೊಡೆಯುವಾಗ ಚೀಲದ ಮೇಲೂ ಪಿಸ್ತೂಲನ್ನು ಇಡುವುದಿಲ್ಲ, ಕೈ ಮಾತ್ರ ಇಡುತ್ತೇನೆ. ಅಂದಹಾಗೆ, ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ ಏರ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶ ಇಲ್ಲ, ತೆರೆದ ಸೈಟು ಮಾತ್ರ. ಮಕ್ಕಳು ಸ್ಪರ್ಧೆಗೆ ಹೋಗಬೇಕೆಂದಿದ್ದರೆ ಸೈಟಿನಲ್ಲೇ ಕಲಿಯಲಿ.

ಅಕ್ಕನ ಮಗನಿಗೆ ಸ್ಕೋಪಿನ ಮೇಲೆ ಕಣ್ಣು. "ಮಾಮಾ, ಮಾಳಿಗೆ ಮೇಲಿಂದ ಕೋಟೆ ನೋಡ್ತೀನಿ ಕೊಡು" ಅಂತ ಪಿಸ್ತೂಲಿಗೇ ಕೈ ಹಾಕಿದ. ಕೊಡಲಿಲ್ಲ. ಸ್ಕೋಪಿನಿಂದ ನೋಡುವುದು ಅಂದರೆ ನಳಿಗೆಯನ್ನು ಆ ಕಡೆ ತಿರುಗಿಸುವುದು. ಖಾಲಿ ಇದ್ದರೂ ಅಷ್ಟೇ. ಬೀದಿಯ ಕಡೆ, ಮನೆಗಳ ಕಡೆ, ಹಕ್ಕಿಯ ಕಡೆ ಅದು ತಿರುಗಬಾರದು. ಅವನಿಗೆ ನನ್ನ ಹಳೇ ಬೈನಾಕ್ಯುಲರ್ ಕೊಟ್ಟೆ. ಮಾಳಿಗೆಯಿಂದ ಬಳ್ಳಾರಿ ಗುಡ್ಡದ ಬಂಡೆಗಳ ಮೇಲಿನ ಕೋಟೆ ಗೋಡೆ ನೋಡುತ್ತಾ ಕತ್ತಲಾಗುವವರೆಗೂ ಕೂತಿದ್ದ.

ನಮ್ಮೂರಲ್ಲಿ ಸ್ಕೋಪಿಗೆ ದೊಡ್ಡ ಶತ್ರು ಧೂಳು. ಗಣಿ ಕಡೆಯಿಂದ ಬರುವ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಕಣ ಇರುತ್ತವೆ. ಟವೆಲಿನಿಂದ ಒರೆಸಿದರೆ ಗಾಜಿನ ಮೇಲಿನ ಲೇಪಕ್ಕೆ ಉಪ್ಪುಕಾಗದ ತಿಕ್ಕಿದಂತೆ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಕನ್ನಡಕದ ಬಟ್ಟೆ. ಟೋಟಲ್ ಸ್ಟೇಷನ್ನಿಗೂ ಹೀಗೇ ಮಾಡುತ್ತಿದ್ದೆ. ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಎಂಟು ಗಂಟೆಗೇ ಹಣೆಯ ಬೆವರು ಇಳಿದು ಕಣ್ಣು ಉರಿಯುತ್ತದೆ. ಆರಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸುತ್ತೇನೆ.

ಹೋದ ಭಾನುವಾರ 500 ಪೆಲೆಟ್ಟಿನ ಡಬ್ಬಿ ಖಾಲಿಯಾಯಿತು. ಅಡೆ ಹಾಕಿದ ಮೇಲೆ ತೆರೆದ ಡಬ್ಬಿ ಅದು. ಕೊನೆಯ ಹತ್ತನ್ನು ನಿಂತು ಹೊಡೆದೆ. ಎಂಟು ಕಪ್ಪಿನೊಳಗೆ, ಎರಡು ಹೊರಗೆ. ಪಿಸ್ತೂಲನ್ನು ಪೆಟ್ಟಿಗೆಗೆ ಇಡುವ ಮೊದಲು ಓದುವ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೇಲ್ ಪಾಲಿಶ್ ಗೆರೆ ನೋಡಿದೆ. ಎಲ್ಲೂ ಮುರಿದಿರಲಿಲ್ಲ.